ಹಳೇ ಮನೆ ಮಣ್ಣು ಗೊಬ್ಬರ, ಹಳೇ ಸ್ಲ್ಯಾಬ್ ಗೊಬ್ಬರ ಅಲ್ಲ

ಗೋವಿನಜೋಳದ ಹುಳದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ, ಅದು ಮುಂದಿನ ಸಲ. ಇವತ್ತಿಂದು ಬೇರೆ ವಿಷಯ. ಸಿಟ್ಟಲ್ಲೇ ಬರೀತಿದ್ದೀನಿ. ಆದರೆ ಅರ್ಧ ಸಿಟ್ಟು ನನ್ನ ಮೇಲೇ ಇದೆ, ಹಂಗಾಗಿ ಯಾರೂ ಬೇಜಾರು ಮಾಡ್ಕೋಬೇಡಿ.

ಹೇಳೋದು ಇಷ್ಟೇ. ಒಡೆದ ಕಟ್ಟಡದ ಡೆಬ್ರಿಸ್ ಪುಕ್ಕಟೆ ಸಿಗುತ್ತೆ ಅಂತ ಗದ್ದೆಗೆ, ಬದುವಿಗೆ, ಹಳ್ಳದ ದಂಡೆಗೆ ಹಾಕಿಸ್ಕೊಳ್ಳೋದನ್ನ ನಾವು ರೈತರು ನಿಲ್ಲಿಸಬೇಕು. ನಾವು ನಿಲ್ಲಿಸೋ ತನಕ ಅದನ್ನ ಬೇರ್ಪಡಿಸಿ, ಪುಡಿ ಮಾಡಿ, ಮತ್ತೆ ಬಳಸಬೇಕಾದವರು ಯಾರೂ ಆ ಕೆಲಸಕ್ಕೆ ಕೈ ಹಾಕೋದಿಲ್ಲ. ಯಾಕೆ ಹಾಕ್ತಾರೆ? ನಮ್ಮ ಗದ್ದೆ ಇದೆಯಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆ. ನಮ್ಮ ಕೆಳಗಿನ ಗದ್ದೆಯ ಒಂದು ಮೂಲೆ ತಗ್ಗು. ಅದರ ಆಚೆ ಹಳ್ಳ. ಟ್ರ್ಯಾಕ್ಟರ್ ತಿರುಗಿಸಕ್ಕೆ ಅಲ್ಲಿ ಜಾಗ ಇರಲಿಲ್ಲ, ಹತ್ತು ವರ್ಷದಿಂದ ಅದೊಂದು ತಲೆನೋವು. ಒಂದಿನ ಮಧ್ಯಾಹ್ನ ರಸ್ತೆ ಮೇಲೆ ಟಿಪ್ಪರ್ ನಿಲ್ಲಿಸಿ ಡ್ರೈವರ್ ಕೂಗಿದ. "ಅಣ್ಣಾರ, ತಗ್ಗ ತುಂಬಸಾಕ ಮಾಲ್ ಬೇಕೇನ್ರಿ? ರೊಕ್ಕ ಏನೂ ಬ್ಯಾಡ್ರಿ, ಚಾ ಕುಡಸ್ರಿ ಸಾಕು." ಎಲ್ಲೋ ಒಂದು ಹಳೇ ಕಟ್ಟಡ ಕೆಡವಿದ್ರಂತೆ. ನಾನು ಏನೂ ಕೇಳಲಿಲ್ಲ. ಸಂಜೆ ಒಳಗೆ ಆರು ಟಿಪ್ಪರ್ ಬಿತ್ತು. ಚಾ ಅಷ್ಟೇ ಅಲ್ಲ, ಅವಲಕ್ಕಿನೂ ಕೊಟ್ಟೆ. ಜೆಸಿಬಿಯವನಿಗೆ ಒಂದು ತಾಸಿನ ಬಾಡಿಗೆ ಕೊಟ್ಟು ಸಮ ಮಾಡಿಸ್ದೆ. ರಾತ್ರಿ ಮನೇಲಿ ದೊಡ್ಡದಾಗಿ ಹೇಳ್ಕೊಂಡೆ, ಪುಕ್ಕಟೆ ಕೆಲಸ ಆಯ್ತು ಅಂತ.

ಆರಿದ್ರಾ ಮಳೆ ಹಿಡೀತು. ಆ ತಗ್ಗು ಮೂಲೆ ಯಾಕೆ ತಗ್ಗಾಗಿತ್ತು ಅಂತ ಆಗ ಗೊತ್ತಾಯ್ತು. ಮೇಲಿನ ನಾಲ್ಕು ಗದ್ದೆಯ ಹೆಚ್ಚುವರಿ ನೀರೆಲ್ಲ ಅಲ್ಲಿ ಬಂದು ನಿಂತು, ಅಲ್ಲಿಂದ ಹಳ್ಳಕ್ಕೆ ಇಳೀತಿತ್ತು. ನಾನು ಆ ಬಾಯಿ ಮುಚ್ಚಿದ್ದೆ. ನೀರು ಹೊರಳಿ ಮಗ್ಗಲ ಕಾಕಾನ ಗದ್ದೆಗೆ ಹೋಯ್ತು. ನಾಟಿ ಹಚ್ಚಿ ಒಂಬತ್ತೇ ದಿನ ಆಗಿತ್ತು. ಅರ್ಧ ಗದ್ದೆ ಸಸಿ ಎದ್ದು ತೇಲಿ ಬದುವಿಗೆ ಬಂದು ಕೂತ್ಕೊಂಡ್ವು. ಕಾಕಾ ಬೈಯಲಿಲ್ಲ. ಬೈದಿದ್ರೆ ಚೊಲೋ ಇತ್ತು. ಬದುವಿನ ಮೇಲೆ ನಿಂತು ನೋಡಿದ್ರು. "ನಿಮ್ಮಪ್ಪ ಇದ್ದಾಗ ಈ ಮೂಲಿಗೆ ಸಲಿಕಿ ಸುದ್ದಾ ಹಚ್ಚಿರ್ಲಿಲ್ಲಪ್ಪಾ" ಅಂದು ಹೋದ್ರು. ಆ ವರ್ಷ ಅವರಿಗೆ ಎರಡನೇ ಸಲ ನಾಟಿ. ಸಸಿ ನಾನೇ ಹೊಂದಿಸಿ ಕೊಟ್ಟೆ, ಆಳಿನ ಕೂಲಿನೂ ನಾನೇ ಕೊಟ್ಟೆ. ಆದರೆ ತಡವಾದ ನಾಟಿಯ ಭತ್ತ ಎಷ್ಟು ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಅಷ್ಟಕ್ಕೇ ಮುಗೀಲಿಲ್ಲ. ಮಳೆ ನೀರು ಮೇಲಿನ ಮಣ್ಣು ತೊಳೆದ ಮೇಲೆ ಒಳಗಿದ್ದದ್ದು ಒಂದೊಂದೇ ಹೊರಗೆ ಬಂತು. ಸ್ಲ್ಯಾಬಿನ ದೊಡ್ಡ ತುಂಡು, ಅದರಿಂದ ಹೊರಗೆ ಚಾಚಿದ ಕಬ್ಬಿಣದ ಸಳಿ. ಬಾತ್‌ರೂಮ್ ಟೈಲ್ಸ್ ಚೂರು, ಕಿಟಕಿ ಗಾಜು, ವೈರು, ಪಿವಿಸಿ ಪೈಪು, ಬಣ್ಣದ ಡಬ್ಬಿ, ಪಿಓಪಿ ಸೀಲಿಂಗ್, ಒಡೆದ ಸಿಮೆಂಟ್ ಶೀಟು. ಕಳೆ ತೆಗೆಯೋಕೆ ಬಂದ ಒಬ್ಬ ಅಕ್ಕನ ಅಂಗಾಲಿಗೆ ಟೈಲ್ಸ್ ಹೊಕ್ಕು ನಾಲ್ಕು ಹೊಲಿಗೆ ಬಿತ್ತು. ಹದಿನೈದು ದಿನ ಅವರ ಕೂಲಿ ಹೋಯ್ತು, ನಾಟಿ ಕಳೆ ಹಂಗಾಮಿನಲ್ಲಿ. ಹಿಂಗಾರಿಗೆ ರೋಟಾವೇಟರ್ ಬಿಟ್ಟಾಗ ಎರಡು ಬ್ಲೇಡ್ ಮುರೀತು. ಪುಕ್ಕಟೆ ಮಾಲು ಅಂದ್ರೆ ಇದು.

ನಾನ್ಯಾಕೆ ಕೇಳದೆ ಹಾಕಿಸ್ಕೊಂಡೆ ಅಂತ ಆಮೇಲೆ ಬಹಳ ಯೋಚನೆ ಮಾಡಿದೆ. ಆಸೆ ಅಂದ್ರೆ ಆಸೆನೇ. ಆದರೆ ಅದೊಂದೇ ಅಲ್ಲ. ನಮ್ಮ ತಲೇಲಿ ಒಂದು ಹಳೇ ಲೆಕ್ಕ ಕೂತಿದೆ. ಹಾಳು ಮಣ್ಣು ಹೊಲಕ್ಕೆ ಗೊಬ್ಬರ ಅನ್ನೋದು ನಮ್ಮ ಹಿರಿಯರ ಮಾತು. ಹಳೇ ಮಣ್ಣಿನ ಗೋಡೆ ಬಿದ್ದರೆ, ಹಳೇ ಊರಿನ ಜಾಗ ಹಾಳು ಬಿದ್ದರೆ, ಆ ಮಣ್ಣನ್ನ ಚಕ್ಕಡಿಯಲ್ಲಿ ಹೇರ್ಕೊಂಡು ಹೊಲಕ್ಕೆ ಹಾಕ್ತಿದ್ರು. ಅದು ಖರೇನೂ ಹೌದು. ಮನುಷ್ಯರು, ದನ, ಒಲೆ ಬೂದಿ, ಸಗಣಿ ಎಲ್ಲ ಸೇರಿ ಎಷ್ಟೋ ವರ್ಷ ಹದಗೊಂಡ ಮಣ್ಣು ಅದು, ಬೆಳೆ ಎದ್ದು ಬರ್ತಿತ್ತು. ಮನೆ ಕೆಡವಿದ್ದು ಗದ್ದೆಗೆ ಬಂದ್ರೆ ಒಳ್ಳೇದು ಅನ್ನೋ ಮಾತು ಅಲ್ಲಿಂದ ಬಂದದ್ದು. ಮಾತು ಹಂಗೇ ಉಳೀತು, ಮನೆ ಬದಲಾಯ್ತು.

ಆಗ ಮನೆ ಕೆಡವೋದು ಅಂದ್ರೆ ಬಿಚ್ಚೋದು. ನಮ್ಮ ಅತ್ತೆ ಹಳೇ ಸೂಪಾದವರು. ಆಣೆಕಟ್ಟೆ ಬಂದು ಊರು ಮುಳುಗುತ್ತೆ ಅಂತ ಆದಾಗ ಅವರ ಮನೆಯವರು ಬಾಗಿಲು, ಚೌಕಟ್ಟು, ತೊಲೆ, ಹಂಚು, ಮೆಟ್ಟಿಲ ಕಲ್ಲು ಎಲ್ಲ ಬಿಚ್ಕೊಂಡು ರಾಮನಗರಕ್ಕೆ ತಂದ್ರು. ಈಗಲೂ ಆ ಮನೆಯ ಮುಂಬಾಗಿಲು ಸೂಪಾದ್ದೇ. ಒಡೆದ ಹಂಚು ಮಾತ್ರ ಅಲ್ಲೇ ಬಿಟ್ಟು ಬಂದ್ವಿ ಅಂತಿದ್ರು ಅತ್ತೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲು, ಕೈಯಲ್ಲಿ ತಟ್ಟಿದ್ರೆ ಬಿಡಿಯಾಗಿ ಬರುತ್ತೆ. ಸಿಮೆಂಟಿನಲ್ಲಿ ಕಟ್ಟಿದ್ದು ಹಂಗೆ ಬರೋದಿಲ್ಲ. ಅದನ್ನ ಜೆಸಿಬಿ ಹಲ್ಲಿನಿಂದ ಕಿತ್ತು ಒಂದೇ ಗುಡ್ಡೆ ಮಾಡಿ ಟಿಪ್ಪರಿಗೆ ತುಂಬೋದು. ಒಂದು ದಿನದ ಕೆಲಸ. ಮರುಬಳಕೆ ಸಾಯೋದು ಆ ಗುಡ್ಡೆಯಲ್ಲೇ. ಬೇರೆ ಬೇರೆ ಇದ್ರೆ ಎಲ್ಲದಕ್ಕೂ ಬೆಲೆ, ಒಟ್ಟಿಗೆ ಕಲಸಿದ್ರೆ ಯಾವುದಕ್ಕೂ ಇಲ್ಲ.

ಇದನ್ನ ಹೇಳಿದಾಗ ಒಬ್ರು ಗೆಳೆಯರು ನಂಗೆ ವಾದ ಹಾಕಿದ್ರು. "ನಮ್ಮ ಮಣ್ಣು ಹುಳಿ, ಕೃಷಿ ಇಲಾಖೆಯವರೇ ಸುಣ್ಣ ಹಾಕ್ರಿ ಅಂತಾರ. ಸಿಮೆಂಟಿನಾಗೂ ಸುಣ್ಣನ ಐತಿ. ಏನ್ ಲುಕ್ಸಾನ್?" ವಾದ ಕೇಳಕ್ಕೆ ಚೆನ್ನಾಗಿದೆ, ಅರ್ಧ ಸತ್ಯನೂ ಇದೆ. ಸುಣ್ಣ ಹಾಕೋವಾಗ ಮಣ್ಣು ಪರೀಕ್ಷೆ ಮಾಡಿಸಿ, ಎಕರೆಗೆ ಇಷ್ಟು ಕ್ವಿಂಟಾಲ್ ಅಂತ ಲೆಕ್ಕ ಹಾಕಿ, ಸಮನಾಗಿ ಎರಚಿ, ಮಣ್ಣಲ್ಲಿ ಬೆರೆಸ್ತೀವಿ. ಇದು ಒಂದು ಮೂಲೆಗೆ ಹನ್ನೆರಡು ಬ್ರಾಸ್. ಹೊಸದಾಗಿ ಒಡೆದ ಕಾಂಕ್ರೀಟ್ ಪುಡಿಯ ಮೇಲೆ ನಿಂತ ನೀರಿನ ಪಿಎಚ್ 11ರ ಮೇಲೆ ಹೋಗುತ್ತೆ. ನಮ್ಮ ಗದ್ದೆ ಮಣ್ಣು ಇರೋದು ಐದೂವರೆ, ಆರು. ಪಿಎಚ್ ಹಂಗೆ ಏರಿದ ಕಡೆ ಜಿಂಕು, ಕಬ್ಬಿಣ ಮಣ್ಣಲ್ಲಿ ಇದ್ದರೂ ಬೇರಿಗೆ ಸಿಗೋದಿಲ್ಲ. ನನ್ನ ಆ ಮೂಲೆಯ ಸುತ್ತ ಹತ್ತು ಹೆಜ್ಜೆ ಭತ್ತ ಹಳದಿ ತಿರುಗಿ ತುಕ್ಕಿನ ಚುಕ್ಕೆ ಬಂದಿತ್ತು, ನಾನು ರೋಗ ಅಂದ್ಕೊಂಡು ಔಷಧಿ ಹೊಡೆದೆ. ಅದಕ್ಕೂ ದುಡ್ಡು ದಂಡ.

ಪಿಓಪಿ ಕಥೆ ಇನ್ನೊಂದು. ಅದು ಜಿಪ್ಸಮ್. ಒಣಗಿದ್ರೆ ಏನೂ ಇಲ್ಲ. ನೀರು ನಿಂತ, ಗಾಳಿ ಆಡದ ಕೆಸರಲ್ಲಿ ಕೊಳೆತ ಹುಲ್ಲಿನ ಜೊತೆ ಹೂತರೆ ಅದರಿಂದ ಕೊಳೆತ ಮೊಟ್ಟೆ ವಾಸನೆಯ ಗಾಳಿ ಹುಟ್ಟುತ್ತೆ. ಆ ಗಾಳಿಗೆ ಭತ್ತದ ಬೇರು ಕಪ್ಪಾಗುತ್ತೆ. ಹಳ್ಳದ ಕಡೆ ಯಾಕೆ ವಾಸನೆ ಅಂತ ನಾವು ಸತ್ತ ಪ್ರಾಣಿ ಹುಡುಕಿದ್ವಿ ನೋಡಿ, ನಗಬೇಕೋ ಅಳಬೇಕೋ.

ಒಂದು ಮಾತು ಮಾತ್ರ ಬಿಡಿಸಿ ಹೇಳ್ತೀನಿ, ಇದು ಹೊಲದ ವಿಷಯ ಅಲ್ಲ, ಜೀವದ ವಿಷಯ. ಹಳೇ ಸಿಮೆಂಟ್ ಶೀಟು ಅಂತೀವಲ್ಲ, ದನದ ಕೊಟ್ಟಿಗೆಗೆ, ಪಂಪ್‌ಹೌಸಿಗೆ ಹಾಕ್ತೀವಿ, ಅದು ಬಹುತೇಕ ಆಸ್ಬೆಸ್ಟಾಸ್. ಇಡಿಯಾಗಿ ಇರೋ ತನಕ ಅಷ್ಟು ಅಪಾಯ ಇಲ್ಲ. ಒಡೆದಾಗ, ಕೊಯ್ದಾಗ, ಪುಡಿಯಾದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಬರುತ್ತೆ, ಪುಪ್ಪುಸಕ್ಕೆ ಹೋದರೆ ಅಲ್ಲೇ ಕೂತ್ಕೊಳ್ಳುತ್ತೆ. ಶ್ವಾಸಕೋಶದ ಕ್ಯಾನ್ಸರ್‌ಗೂ ಅದು ಕಾರಣ, ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಕಾಣಿಸ್ಕೊಳ್ಳುತ್ತೆ. ಅದರ ಚೂರನ್ನ ದಾರಿಗೆ ಹಾಕಿ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ. ಸುತ್ತಿಗೆಯಲ್ಲಿ ಒಡೀಬೇಡಿ. ಒದ್ದೆ ಮಾಡಿ, ಇಡಿಯಾಗಿ ಎತ್ತಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೇರೆ ಇಡಿ. ಅದು ಮರುಬಳಕೆ ಆಗೋ ಮಾಲಲ್ಲ.

ಇನ್ನು ಉಳಿದದ್ದು, ಅಂದ್ರೆ ಕಾಂಕ್ರೀಟು, ಇಟ್ಟಂಗಿ, ಕೆಂಪುಕಲ್ಲು, ಗಾರೆ, ಇವು ಕಸನೇ ಅಲ್ಲ. ಇಲ್ಲೇ ನಂಗೆ ಅತಿ ಹೆಚ್ಚು ಸಿಟ್ಟು ಬರೋದು. "ಕಲ್ಲು ಭೂಮಿಯಿಂದನ ಬಂದದ್ದು, ಭೂಮಿಗೆ ಹೋತು" ಅಂತ ಒಬ್ಬ ಗುತ್ತಿಗೆದಾರರು ನನ್ನ ಮುಂದೆ ತತ್ವಜ್ಞಾನ ಹೇಳಿದ್ರು. ಹೌದ್ರಿ, ಭೂಮಿಯಿಂದನೇ ಬಂದದ್ದು, ಗುಡ್ಡ ಸಿಡಿಸಿ. ನನ್ನ ಗದ್ದೆಗೆ ಆರು ಟಿಪ್ಪರ್ ಖಡಿ ಹೂತು ಹಾಕಿದ ಅದೇ ಬೇಸಿಗೆಯಲ್ಲಿ ನಮ್ಮ ಊರಿನ ಹೊಲದ ದಾರಿಗೆ ಎಲ್ಲಿಂದಲೋ ಹೊಸ ಖಡಿ ಬಂತು, ಡೀಸೆಲ್ ಸುಟ್ಕೊಂಡು, ಬಿಲ್ ಮಾಡ್ಕೊಂಡು. ಹಳೇ ಖಡಿ ಹಳ್ಳಕ್ಕೆ, ಹೊಸ ಖಡಿ ರಸ್ತೆಗೆ. ಎರಡು ಟಿಪ್ಪರ್ ಎದುರು ಬದರು ಹೋಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಕಾಂಕ್ರೀಟ್ ಪುಡಿ ಮಾಡೋದು ರಾಕೆಟ್ ವಿದ್ಯೆ ಏನಲ್ಲ. ಕಲ್ಲು ಕ್ರಷರಿನಲ್ಲಿರೋ ದವಡೆ ಯಂತ್ರವೇ ಇದಕ್ಕೂ. ಮೊದಲು ದೊಡ್ಡ ತುಂಡು ಒಡೆದು ಸಳಿ ತೆಗೀತಾರೆ. ಪಟ್ಟಿಯ ಮೇಲೆ ಒಂದು ಆಯಸ್ಕಾಂತ ಉಳಿದ ಕಬ್ಬಿಣ ಎಳ್ಕೊಳ್ಳುತ್ತೆ. ಕಟ್ಟಿಗೆ, ಪ್ಲಾಸ್ಟಿಕ್ ಹಗುರ, ಅದನ್ನ ಗಾಳಿ ಬಿಟ್ಟೋ ನೀರಲ್ಲಿ ತೇಲಿಸಿಯೋ ಬೇರೆ ಮಾಡ್ತಾರೆ, ನಾವು ರಾಶಿ ತೂರಿದಂಗೆ. ಆಮೇಲೆ ಜರಡಿ. 40 ಎಂಎಂ, 20 ಎಂಎಂ, ಉಸುಕಿನಂಥ ಪುಡಿ. ಪುಡಿಯಿಂದ ಪೇವರ್, ಫುಟ್‌ಪಾತ್ ಅಂಚಿನ ಕಲ್ಲು ಮಾಡ್ತಾರೆ. ದೆಹಲಿಯ ಬುರಾಡಿಯಲ್ಲಿ 2009ರಲ್ಲೇ ಇಂಥ ಘಟಕ ಶುರುವಾಯ್ತು, ದಿನಕ್ಕೆ 500 ಟನ್ ಲೆಕ್ಕದಲ್ಲಿ. 2022ರ ಆಗಸ್ಟ್ 28ರಂದು ನೋಯ್ಡಾದಲ್ಲಿ ಎರಡು ದೊಡ್ಡ ಕಟ್ಟಡ ಸ್ಫೋಟಕ ಇಟ್ಟು ಉರುಳಿಸಿದ್ದನ್ನ ಟಿವಿಯಲ್ಲಿ ನಾವೆಲ್ಲ ನೋಡಿದ್ವಿ. ಬಿದ್ದದ್ದು ಸುಮಾರು 80,000 ಟನ್ ಅಂದ್ರು. ಅದರಲ್ಲಿ ಒಂದಿಷ್ಟು ಅಲ್ಲೇ ನೆಲಮಾಳಿಗೆ ತುಂಬಕ್ಕೆ ಹೋಯ್ತು, ಒಂದಿಷ್ಟು ಅಲ್ಲಿನ ಘಟಕಕ್ಕೆ ಹೋಗಿ ಪುಡಿಯಾಯ್ತು. ಉರುಳಿಸೋದನ್ನ ಎಲ್ಲರೂ ತೋರಿಸಿದ್ರು, ಪುಡಿ ಮಾಡೋದನ್ನ ಯಾರೂ ತೋರಿಸಲಿಲ್ಲ.

ಗುಣಮಟ್ಟ ಇಲ್ಲ ಅನ್ನೋರಿಗೆ ಉತ್ತರ ಸರಕಾರದ ಪುಸ್ತಕದಲ್ಲೇ ಇದೆ. ಖಡಿ ಉಸುಕಿನ ಐಎಸ್ 383 ಮಾನಕವನ್ನ 2016ರಲ್ಲಿ ತಿದ್ದಿದಾಗ ಮರುಬಳಕೆಯ ಖಡಿಗೆ ಜಾಗ ಕೊಟ್ರು. ಕಾಂಕ್ರೀಟ್ ಒಡೆದು ಮಾಡಿದ ಖಡಿಯನ್ನ ಸಳಿ ಇಲ್ಲದ ಕಾಂಕ್ರೀಟಿನಲ್ಲಿ 25%, ಸಳಿ ಹಾಕೋ ಕಾಂಕ್ರೀಟಿನಲ್ಲಿ ಎಂ25 ತನಕ 20%, ತಳಕ್ಕೆ ಹಾಕೋ ಬಡ ಕಾಂಕ್ರೀಟಿನಲ್ಲಿ ಪೂರ್ತಿ 100% ಬಳಸಬಹುದು. ರಸ್ತೆ ಕೆಲಸಕ್ಕೆ ಐಆರ್‌ಸಿ 121 ಅಂತ 2017ರಲ್ಲಿ ಪ್ರತ್ಯೇಕ ಮಾರ್ಗಸೂಚಿನೇ ಬಂದಿದೆ. ಒಂದು ದೋಷ ಇದೆ, ಮುಚ್ಚಿಡೋದಿಲ್ಲ. ಹಳೇ ಗಾರೆ ಅಂಟಿರೋದ್ರಿಂದ ಈ ಖಡಿ ನೀರು ಜಾಸ್ತಿ ಕುಡಿಯುತ್ತೆ, ಕಲಸೋ ಮುಂಚೆ ನೆನೆಸಬೇಕು, ನಮ್ಮ ಗೌಂಡಿಗಳಿಗೆ ಅದು ಅಭ್ಯಾಸ ಇಲ್ಲ. ಹಂಗಾಗಿ ಮನೆಯ ಸ್ಲ್ಯಾಬಿಗೆ ಹಾಕ್ರಿ ಅಂತ ನಾನು ಹೇಳೋದಿಲ್ಲ. ಹೊಲದ ದಾರಿಗೆ, ಕೊಟ್ಟಿಗೆ ನೆಲದ ತಳಕ್ಕೆ, ಕಣಕ್ಕೆ, ರಸ್ತೆಯ ಕೆಳಪದರಕ್ಕೆ ಇದು ಧಾರಾಳ ಸಾಕು.

ಈಗ ಕಾನೂನು. ಇದನ್ನ ಓದಿದ ಮೇಲೆ ನಂಗೆ ನಿದ್ದೆ ಬರಲಿಲ್ಲ. ಕಟ್ಟಡ ತ್ಯಾಜ್ಯದ ನಿಯಮ ಕೇಂದ್ರ ಸರಕಾರ 2016ರ ಮಾರ್ಚ್ 29ಕ್ಕೆ ಹೊರಡಿಸಿದ್ದು. ಅದರಲ್ಲಿ ಹೇಳಿರೋದು, ಕೆಡವಿದವನೇ ಹೊಣೆ. ಅವನೇ ಬೇರೆ ಬೇರೆ ಮಾಡಿ ಇಡಬೇಕು, ಚರಂಡಿಗೆ, ದಾರಿಗೆ ಅಡ್ಡ ಆಗೋ ಹಂಗೆ ಸುರೀಬಾರದು. ದಿನಕ್ಕೆ 20 ಟನ್ ಮೇಲೆ ಅಥವಾ ಒಂದು ಕೆಲಸದಲ್ಲಿ ತಿಂಗಳಿಗೆ 300 ಟನ್ ಮೇಲೆ ಬರೋದಿದ್ದರೆ ಕಾಂಕ್ರೀಟ್ ಒಂದು, ಮಣ್ಣು ಒಂದು, ಕಬ್ಬಿಣ ಕಟ್ಟಿಗೆ ಪ್ಲಾಸ್ಟಿಕ್ ಒಂದು, ಇಟ್ಟಂಗಿ ಗಾರೆ ಒಂದು ಅಂತ ನಾಲ್ಕು ಭಾಗ ಮಾಡಬೇಕು, ಕೆಲಸ ಶುರುವಿಗೆ ಮುಂಚೆನೇ ಸ್ಥಳೀಯ ಸಂಸ್ಥೆಗೆ ಯೋಜನೆ ಕೊಟ್ಟು ಒಪ್ಪಿಗೆ ತಗೋಬೇಕು.

ಇದು ದೊಡ್ಡ ಊರಿನ ದೊಡ್ಡ ಬಿಲ್ಡಿಂಗಿಗೆ, ನಮಗಲ್ಲ ಅಂತ ನಾನೂ ಮೊದಲು ಓದಿ ಬಿಟ್ಟೆ. ಆಮೇಲೆ ಲೆಕ್ಕ ಹಾಕಿದೆ. ನೀವೂ ಹಾಕಿ. ಒಂದು ಬ್ರಾಸ್ ಅಂದ್ರೆ 100 ಘನ ಅಡಿ, ಡೆಬ್ರಿಸ್ ಆದರೆ ಹೆಚ್ಚು ಕಡಿಮೆ 4 ಟನ್. ನಂಗೆ ಬಂದದ್ದು ಎರಡೆರಡು ಬ್ರಾಸಿನ ಆರು ಟಿಪ್ಪರ್, 12 ಬ್ರಾಸ್, ಅಂದ್ರೆ 48 ಟನ್. ಒಂದೇ ದಿನ! ದಿನಕ್ಕೆ 20 ಟನ್ ಅನ್ನೋದು ಎರಡೂವರೆ ಟಿಪ್ಪರ್ ಅಷ್ಟೇ ಕಣ್ರಿ. ಕಾಂಕ್ರೀಟ್ ಕಟ್ಟಡ ಕೆಡವಿದರೆ ಚದರ ಮೀಟರಿಗೆ ಸುಮಾರು 500 ಕೆಜಿ ಬರುತ್ತೆ ಅನ್ನೋದು ಲೆಕ್ಕದವರು ಹೇಳೋ ಅಂದಾಜು. ಆ ಪ್ರಕಾರ ಸಾವಿರ ಚದರ ಅಡಿ ಮನೆಗೆ 46 ಟನ್. ಜೆಸಿಬಿ ತಂದು ಒಂದೇ ದಿನದಲ್ಲಿ ಕೆಡವಿ ಸಾಗಿಸಿದರೆ ಸಾಮಾನ್ಯ ಮನೆನೂ ಆ ಗೆರೆ ದಾಟುತ್ತೆ. ಹಂಗಾದ್ರೆ ನನ್ನ ಗದ್ದೆಗೆ ಬಂದ ಆ ಆರೂ ಲೋಡು ನಾಲ್ಕು ಭಾಗ ಆಗಿ, ಕಾಗದದ ಮೇಲೆ ಒಪ್ಪಿಗೆ ಆಗಿ ಹೋಗಬೇಕಿದ್ದ ಮಾಲು. ಒಂದು ಕಚೇರಿಗೆ ಹೋಗಿ ಇದನ್ನ ಕೇಳಿದೆ. ಅಲ್ಲಿದ್ದವರು ನಕ್ಕು, "ಹಾಕಿಸ್ಕೊಂಡವ್ರು ನೀವ, ಕಂಪ್ಲೇಂಟ್ ಕೊಡೂ ಮಂದಿನೂ ನೀವನ?" ಅಂದ್ರು. ಉತ್ತರ ಇರಲಿಲ್ಲ ನನ್ನ ಹತ್ರ. ಅದಕ್ಕೇ ಇದನ್ನ ಬರೀತಿರೋದು.

ಐದು ಲಕ್ಷಕ್ಕಿಂತ ಕಮ್ಮಿ ಜನ ಇರೋ ಊರುಗಳಿಗೂ ಆ ನಿಯಮದಲ್ಲಿ 36 ತಿಂಗಳ ಗಡುವು ಇತ್ತು, ಸಂಸ್ಕರಣೆಯ ವ್ಯವಸ್ಥೆ ಶುರು ಮಾಡಕ್ಕೆ. 2016ಕ್ಕೆ ಮೂರು ಕೂಡಿಸಿ, ಆ ಗಡುವು ಮುಗಿದು ಎಷ್ಟು ಮಳೆಗಾಲ ಆಯ್ತು? ಸರಕಾರಿ ಮತ್ತು ಪಾಲಿಕೆ ಕೆಲಸಗಳಲ್ಲಿ 10ರಿಂದ 20% ಇಂಥ ಮಾಲು ಬಳಸಬೇಕು ಅಂತಲೂ ಅದರಲ್ಲಿ ಇತ್ತು. ಈಗ ಹೊಸ ನಿಯಮ 2025ರ ಏಪ್ರಿಲ್‌ನಲ್ಲಿ ಪ್ರಕಟ ಆಗಿದೆ, 2026ರ ಏಪ್ರಿಲ್ 1ರಿಂದ ಜಾರಿ ಅಂತ ಇಟ್ಟರು. ಕಟ್ಟಿಸುವವರ ಮೇಲೆ ಮರುಬಳಕೆಯ ಗುರಿ ಹೊರಿಸೋದು ಒಳ್ಳೇದೇ. ಆದರೆ ಆ ಗುರಿ ಇರೋದು 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕೆಲಸಗಳಿಗೆ. ಅಡಿಯಲ್ಲಿ ಹೇಳಿದ್ರೆ ಎರಡು ಲಕ್ಷ ಚದರ ಅಡಿಗಿಂತ ಮೇಲೆ. ದಾಂಡೇಲಿ, ಜೋಯಿಡಾ ಕಡೆಯ ಯಾವ ಹೋಮ್‌ಸ್ಟೇ ಆ ಅಳತೆಗೆ ಬರುತ್ತೆ ಹೇಳಿ. ನಮ್ಮ ಹಳ್ಳಕ್ಕೆ ಬೀಳೋದು ಸಣ್ಣ ಸಣ್ಣ ಕೆಲಸದ ಡೆಬ್ರಿಸ್. ನಮಗೆ ಆ ಗುರಿಯಿಂದ ಏನೂ ಆಗೋದಿಲ್ಲ. ಇಲ್ಲಿ ಕಾಯಬೇಕಾದ್ದು ನಾವೇ.

ನಮ್ಮ ಕಡೆ ಎಷ್ಟು ಬರುತ್ತೆ ಅಂತ ಸದರ ಮಾಡಬೇಡಿ. ಅಂಬಿಕಾನಗರ ಅನ್ನೋ ಊರು ಹುಟ್ಟಿದ್ದೇ ಕಾಳಿ ಯೋಜನೆಯಿಂದ. 101 ಮೀಟರ್ ಎತ್ತರದ ಸೂಪಾ ಆಣೆಕಟ್ಟೆ, ಬೊಮ್ಮನಹಳ್ಳಿ, ತಟ್ಟಿಹಳ್ಳ, ನಾಗಝರಿ ವಿದ್ಯುದಾಗಾರ, ಅದರ ಜೊತೆ ಕಾಲೋನಿ, ಶಾಲೆ, ಅಂಗಡಿ. ಕಾಡಿನ ನಡುವೆ ಇಷ್ಟು ಕಾಂಕ್ರೀಟ್ ಬಿದ್ದದ್ದು 70, 80ರ ದಶಕದಲ್ಲಿ. ಆ ಕಾಲದಲ್ಲಿ ಕಟ್ಟಿದ ಯಾವ ಮನೆಗೂ, ಯಾರದ್ದೇ ಇರಲಿ, ಈಗ ಹೆಚ್ಚು ಕಡಿಮೆ ನಲವತ್ತು, ಇಲ್ಲ ಅದಕ್ಕಿಂತ ಮೇಲೆ ವಯಸ್ಸು. ನಮ್ಮ ಮನೆಯ ಸ್ಲ್ಯಾಬೂ ಅದೇ ವಯಸ್ಸಿಂದು, ಸಳಿ ತುಕ್ಕು ಹಿಡಿದು ಚಕ್ಕೆ ಉದುರ್ತಿದೆ. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಕೆಡವ್ತೀವಿ ಯೋಚನೆ ಮಾಡಿ. ಅದರ ಮೇಲೆ ಪ್ರವಾಸಿಗರ ಹಂಗಾಮು, ಹಳೇ ಮನೆ ಕೆಡವಿ ರೂಮ್ ಕಟ್ಟೋರು. ಒಂದು ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಜಲಾಶಯ. ಸುರಿಯಕ್ಕೆ ಉಳಿದಿರೋ ಜಾಗ ಯಾವುದು ಅಂದ್ರೆ, ನಮ್ಮ ನಿಮ್ಮ ಗದ್ದೆಯ ತಗ್ಗು ಮೂಲೆ.

ದೆಹಲಿ ಥರದ ಘಟಕ ಇಲ್ಲಿಗೆ ಬೇಕು ಅಂತ ನಾನು ಹೇಳ್ತಿಲ್ಲ. ದಿನಕ್ಕೆ 500 ಟನ್ ನಮ್ಮಲ್ಲಿ ಎಲ್ಲಿಂದ ಬರಬೇಕು, ಯಂತ್ರ ತುಕ್ಕು ಹಿಡಿಯುತ್ತೆ. ಬೇಕಾದ್ದು ಒಂದು ಅಂಗಳ. ಹಳ್ಳದಿಂದ ದೂರ, ಎತ್ತರದ ಜಾಗ, ನಾಲ್ಕು ಪಾಲು ಮಾಡಿದ ಕಟ್ಟೆ. ಬೇರ್ಪಡಿಸಿದ ಮಾಲು ಅಲ್ಲಿ ಕೂಡಲಿ. ವರ್ಷಕ್ಕೊಂದು ಸಲ, ಬೇಸಿಗೆಯಲ್ಲಿ, ಗಾಡಿ ಮೇಲಿನ ಕ್ರಷರ್ ಬಂದು ಪುಡಿ ಮಾಡಿ ಹೋಗಲಿ, ಇಲ್ಲ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದು ಇರೋ ಕಲ್ಲು ಕ್ರಷರಿನಲ್ಲೇ ಆಗಲಿ. ಆ ಖಡಿ ಹೊಲದ ದಾರಿಗಳಿಗೆ ಹೋಗಲಿ. ಪಂಚಾಯಿತಿಯಲ್ಲಿ ಕಟ್ಟಡ ಪರವಾನಗಿ ಕೊಡೋವಾಗಲೇ ಹಳೇ ಕಟ್ಟಡ ಕೆಡವಿದ್ದು ಎಲ್ಲಿಗೆ ಹೋಗುತ್ತೆ ಅಂತ ಬರೆಸ್ಕೊಂಡು ಒಂದಿಷ್ಟು ಠೇವಣಿ ಇಟ್ಕೊಳ್ಳಲಿ, ಅಂಗಳದ ರಸೀದಿ ತೋರಿಸಿದರೆ ವಾಪಸ್ ಕೊಡಲಿ. ಇದನ್ನ ಗ್ರಾಮಸಭೆಯಲ್ಲಿ ನಾನು ಎತ್ತುತ್ತೀನಿ. ಒಬ್ಬನೇ ಎದ್ದು ನಿಂತರೆ ಮೇಲೆ ಹೇಳಿದ ಹಂಗೆ ನಗ್ತಾರೆ, ಜೊತೆಗೆ ಐದಾರು ಜನ ಬನ್ನಿ.

ಆಗೋದಿಲ್ಲ ಅನ್ನೋರಿಗೆ ನನ್ನ ಗುಡ್ಡೆಯ ಲೆಕ್ಕ. ಈ ಬೇಸಿಗೆಯಲ್ಲಿ ಆ ಮೂಲೆ ಮತ್ತೆ ಅಗೆಸಿದೆ. ಇಬ್ಬರು ಆಳು, ನಾನು, ಎಂಟು ದಿನ. ಸಳಿ ಎಲ್ಲ ಬಡಿದು ತೆಗೆದು ಗುಜರಿಯವರಿಗೆ ಕೊಟ್ಟೆ, ಆ ದುಡ್ಡಲ್ಲಿ ಒಬ್ಬ ಆಳಿನ ಕೂಲಿ ಹೊರಟಿತು. ಇಡೀ ಇಟ್ಟಂಗಿ, ಕೆಂಪುಕಲ್ಲು ಆರಿಸಿ ಕೊಟ್ಟಿಗೆ ಕಟ್ಟೆಗೆ ಬಳಸಿದೆ. ಕಾಂಕ್ರೀಟ್ ತುಂಡು ಮುಷ್ಟಿ ಗಾತ್ರಕ್ಕೆ ಒಡೆಸಿ, ಮೇಲೆ ಕೆಂಪು ಮೊರಮು ಹಾಕಿ ಚಕ್ಕಡಿ ದಾರಿಯ ಗುಂಡಿ ತುಂಬಿದೆ, ಅರವತ್ತು ಮೀಟರ್ ದಾರಿ ಆಯ್ತು, ಮಳೆಯಲ್ಲೂ ಟ್ರ್ಯಾಕ್ಟರ್ ಹೂತಿಲ್ಲ. ಒಡೆಯೋವಾಗ ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸ್ತಾ ಇರಿ, ಆ ಧೂಳೂ ಒಳ್ಳೇದಲ್ಲ. ಕೊನೆಗೆ ಯಾವುದಕ್ಕೂ ಬಾರದ್ದು ಉಳಿದದ್ದು ಹೆಚ್ಚೆಂದರೆ ಒಂದೂವರೆ ಬ್ರಾಸ್, ಗಾಜು, ಟೈಲ್ಸ್, ಪಿಓಪಿ, ಸುತ್ತಿಟ್ಟ ಶೀಟು. ಹನ್ನೆರಡರಲ್ಲಿ ಒಂದೂವರೆ. ಆ ಕೆಲಸವನ್ನ ಕೆಡವೋ ಜಾಗದಲ್ಲೇ, ಮಣ್ಣಿಗೆ ಕಲಸೋ ಮುಂಚೆ ಮಾಡಿದ್ರೆ ಎರಡು ದಿನ ಸಾಕಿತ್ತು. ಆ ಒಂದೂವರೆ ಬ್ರಾಸ್ ಇನ್ನೂ ನನ್ನ ಹಿತ್ತಲಲ್ಲೇ ಇದೆ. ಕೊಡಕ್ಕೆ ಜಾಗ ಇಲ್ಲ.

ನೀರು ಮತ್ತೆ ಹಳೇ ಬಾಯಲ್ಲಿ ಹಳ್ಳಕ್ಕೆ ಇಳೀತಿದೆ. ಕಾಕಾ ಈ ಸಲ ಬಂದು ನೋಡಿ ಏನೂ ಅನ್ನಲಿಲ್ಲ, ಎಲೆ ಅಡಿಕೆ ಕೊಟ್ಟು ಹೋದ್ರು.

ಮೊನ್ನೆ ಮಂಗಳವಾರ ಮತ್ತೆ ಒಂದು ಟಿಪ್ಪರ್ ನಿಂತಿತು. ಬೇರೆ ಹುಡುಗ. ಅದೇ ಮಾತು, ಪುಕ್ಕಟೆ, ಚಾ ಸಾಕು. ನಾನು ಹತ್ತಿ ನೋಡಿದೆ, ಸ್ಲ್ಯಾಬು, ಕಮೋಡು, ಶೀಟು ಎಲ್ಲ ಒಟ್ಟಿಗೆ. "ತಮ್ಮಾ, ಬರೀ ಕಾಂಕ್ರೀಟ್ ಬ್ಯಾರೆ ಮಾಡಿ ತಾ, ಎರಡ ಟಿಪ್ಪರ್ ನಾನ ತಗೋತೀನಿ, ಡೀಸೆಲ್ ರೊಕ್ಕ ಕೊಡ್ತೀನಿ" ಅಂದೆ. "ಬ್ಯಾರೆ ಮಾಡೂದು ಯಾರ್ರಿ ಅಣ್ಣಾರ, ಬ್ಯಾಡ ಅಂದ್ರ ಮುಂದ ತಗೊಳ್ಳಾವ್ರು ಅದಾರ" ಅಂತ ಗಾಡಿ ಹೊರಳಿಸಿದ. ಕುಳಗಿ ರಸ್ತೆ ಕಡೆ ಹೋಯ್ತು. ಮುಕ್ಕಾಲು ತಾಸಿಗೆ ಖಾಲಿ ವಾಪಸ್ ಬಂತು.

ಅಷ್ಟು ಬೇಗ ಖಾಲಿ ಆಗಬೇಕಾದ್ರೆ ದೂರ ಹೋಗಿಲ್ಲ. ಯಾರ ಗದ್ದೆ ಅಂತ ಗೊತ್ತಿದ್ದವರು ನಂಗೆ ಒಂದು ಫೋನ್ ಮಾಡಿ. ಜಗಳಕ್ಕಲ್ಲ. ನೀರು ಹೋಗೋ ಬಾಯಿ ಮುಚ್ಚಿದೆಯಾ ಅಂತ ಮಳೆ ಹಿಡಿಯೋದ್ರೊಳಗೆ ಹೋಗಿ ನೋಡೋಣ, ಸಲಿಕೆ ನಾನೇ ತರ್ತೀನಿ.